ಸದನದಿಂದ ಸಂಘಕ್ಕೆ: ಮಹಿಳೆಯರ ಬದುಕಿನ ಶಿಕ್ಷಣದ ಚರಿತ್ರೆಯಲ್ಲಿ ಒಂದು ಎಳೆ

1. ಪ್ರವೇಶ

'ಜೀವನ ಕೌಶಲ ಶಿಕ್ಷಣ' ಎಂಬ ಮಾತು ನಮ್ಮ ಶಿಕ್ಷಣ ಪರಿಭಾಷೆಯಲ್ಲಿ ನೆಲೆಗೊಂಡದ್ದು 1990ರ ದಶಕದಲ್ಲಿ ಮತ್ತು ಅದರ ನಂತರ. ವಿಶ್ವ ಆರೋಗ್ಯ ಸಂಸ್ಥೆ ಆ ದಶಕದಲ್ಲಿ ಶಾಲೆಗಳಿಗಾಗಿ ಸಿದ್ಧಪಡಿಸಿದ ಕೈಪಿಡಿಯು ನಿರ್ಧಾರ ಕೈಗೊಳ್ಳುವುದು, ಸಮಸ್ಯೆಯನ್ನು ಬಿಡಿಸುವುದು, ವಿಮರ್ಶಾತ್ಮಕವಾಗಿ ಆಲೋಚಿಸುವುದು, ಅಳುಕಿಲ್ಲದೆ ಸಂವಹಿಸುವುದು, ತನ್ನನ್ನು ತಾನು ಅರಿಯುವುದು ಮೊದಲಾದ ಹತ್ತು ಕೌಶಲಗಳನ್ನು ಗುರುತಿಸಿತು. ಅಂದಿನಿಂದ ಮಹಿಳಾ ಸಬಲೀಕರಣವನ್ನು ಕುರಿತ ಬರಹಗಳು ಈ ಪಟ್ಟಿಯಿಂದಲೇ ಆರಂಭವಾಗುವುದು ವಾಡಿಕೆಯಾಗಿದೆ. ಇದರಿಂದ ಎರಡು ತಪ್ಪು ಕಲ್ಪನೆಗಳು ಬೇರೂರಿವೆ. ಇಂಥ ಶಿಕ್ಷಣ ಹೊರಗಿನಿಂದ ಬಂದ ಹೊಸ ವಿಚಾರ ಎಂಬುದು ಮೊದಲನೆಯದು. ಶಾಲೆಯಲ್ಲಿರುವ ಮಕ್ಕಳಿಗಾಗಿ ರೂಪಿಸಿದ ಪಟ್ಟಿಯನ್ನು ಶಾಲೆಯ ಮೆಟ್ಟಿಲನ್ನೇ ಹತ್ತದ ವಯಸ್ಕ ಹೆಂಗಸರಿಗೂ ಹಾಗೆಯೇ ಅನ್ವಯಿಸಬಹುದು ಎಂಬುದು ಎರಡನೆಯದು.

ಸಮುದಾಯದ ನಡುವೆಯೇ ಹೆಂಗಸರಿಗೆ ಬದುಕಿನ ಶಿಕ್ಷಣವನ್ನು ನೀಡುವ ಪ್ರಯತ್ನಕ್ಕೆ ನಮ್ಮ ದೇಶದಲ್ಲಿ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದರ ಮುಖ್ಯ ನೆಲೆಗಳು ಮುಂಬಯಿ, ಪುಣೆ, ಮದರಾಸು ಮತ್ತು ಹೈದರಾಬಾದು. 1956ಕ್ಕಿಂತ ಮೊದಲು ಕನ್ನಡ ಪ್ರದೇಶಗಳು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೂ, ಮಂಗಳೂರು ಮದರಾಸಿಗೂ, ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮನ ಸಂಸ್ಥಾನಕ್ಕೂ ಸೇರಿದ್ದವು. ಆದ್ದರಿಂದ ಇಂದು ನಾವು ಹೊರನಾಡು ಎಂದು ಕರೆಯುವ ಈ ನಗರಗಳು ಅಂದಿನ ಬಹುಪಾಲು ಕನ್ನಡಿಗರಿಗೆ ತಮ್ಮವೇ ಆದ ಆಡಳಿತ ಕೇಂದ್ರಗಳಾಗಿದ್ದವು. ಈ ಚರಿತ್ರೆಯನ್ನು ಮರಾಠಿಯದು, ತೆಲುಗಿನದು ಎಂದು ಬದಿಗಿಟ್ಟರೆ ಕನ್ನಡದ ಸಾಮಾಜಿಕ ಚರಿತ್ರೆಯ ಒಂದು ಪಾಲೂ ಕೈಬಿಟ್ಟಂತಾಗುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಈ ಚರಿತ್ರೆಯ ಮೂರು ಘಟ್ಟಗಳನ್ನು ಒಂದೇ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸಿದ್ದೇವೆ: ಹೆಣ್ಣು ಏನನ್ನು ಕಲಿಯಬೇಕೆಂದು ತೀರ್ಮಾನಿಸಿದವರು ಯಾರು?

2. ಸದನಗಳ ಕಾಲ

ಈ ಕಥನ ಕನ್ನಡ ನಾಡಿನ ಮಲೆನಾಡಿನಿಂದಲೇ ಆರಂಭವಾಗುತ್ತದೆ. ಪಂಡಿತಾ ರಮಾಬಾಯಿ 1858ರಲ್ಲಿ ಜನಿಸಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ವಿರೋಧವನ್ನು ಎದುರಿಸಿದರು; ಉಡುಪಿಯಲ್ಲಿ ಪಂಡಿತರ ಮುಂದೆ ಅದನ್ನು ಸಮರ್ಥಿಸಿಕೊಳ್ಳಬೇಕಾಯಿತು ಎಂದು ರಮಾಬಾಯಿಯವರ ಜೀವನ ವೃತ್ತಾಂತಗಳು ಹೇಳುತ್ತವೆ. 1870ರ ದಶಕದ ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ದೇಶವನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಕಲ್ಕತ್ತೆಯಲ್ಲಿ 'ಪಂಡಿತಾ' ಎನಿಸಿಕೊಂಡ ಆಕೆ 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರೂ, ಹೆಂಗಸರಿಗೆ ಚಿಕಿತ್ಸೆ ನೀಡಲು ವೈದ್ಯೆಯರೂ ಬೇಕೆಂದು ಒತ್ತಾಯಿಸಿದರು. 1887ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯ ಅಗತ್ಯಗಳನ್ನು ಹೇಳುವಾಗ ಸ್ವಾವಲಂಬನೆಯನ್ನು ಮೊದಲಿಗೂ, ಶಿಕ್ಷಣವನ್ನು ಅದರ ನಂತರವೂ, ದೇಶೀಯ ಶಿಕ್ಷಕಿಯರನ್ನು ಕೊನೆಗೂ ಇರಿಸಿದರು. ಈ ಕ್ರಮ ಗಮನಾರ್ಹವಾದುದು. ಓದು ಬಂದಮೇಲೆ ಸ್ವಾವಲಂಬನೆ ತಾನಾಗಿ ಬರುತ್ತದೆ ಎಂಬುದು ಅಂದಿನ ಸುಧಾರಕರ ಸಾಮಾನ್ಯ ನಂಬಿಕೆಯಾಗಿದ್ದಿತು. ರಮಾಬಾಯಿ ಸ್ವಾವಲಂಬನೆಯನ್ನು ಗುರಿಯಾಗಿ ಮೊದಲು ಹೇಳಿ, ಓದನ್ನು ಅದಕ್ಕೆ ಒದಗುವ ಸಾಧನವಾಗಿ ಕಂಡರು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಅವರು ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಸ್ಥಳಾಂತರವಾಯಿತು. ಅಲ್ಲಿ ಕಲಿತ ಮೊದಲ ವಿಧವೆಯರಲ್ಲಿ ಒಬ್ಬರಾದ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಕರ್ವೆ ಎಂದು ಪ್ರಸಿದ್ಧರಾದರು. ಅದೇ ವರ್ಷ ಸದನದಲ್ಲಿ ಕ್ರೈಸ್ತಧರ್ಮದ ಪ್ರಭಾವವಿದೆ ಎಂಬ ವಿವಾದ ಭುಗಿಲೆದ್ದು, ಸಲಹಾ ಸಮಿತಿಯ ಹಿರಿಯರು ದೂರ ಸರಿದರು. ಹಲವು ಮಂದಿ ಪೋಷಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಮುಂದೆ 1896-97ರ ಕ್ಷಾಮದ ಕಾಲದಲ್ಲಿ ಮಧ್ಯಪ್ರಾಂತದಿಂದ ಕರೆತಂದ ನಿರಾಶ್ರಿತ ಹೆಂಗಸರಿಗಾಗಿ ಕೇಡಗಾಂವದಲ್ಲಿ ಬೆಳೆದ ಮುಕ್ತಿ ಸದನದಲ್ಲಿ ನೇಯ್ಗೆ, ಬೇಸಾಯ, ಹೈನುಗಾರಿಕೆಗಳ ಜೊತೆಗೆ ಮುದ್ರಣಾಲಯವೂ ಇದ್ದಿತು. ಅಚ್ಚಿನ ಮೊಳೆ ಜೋಡಿಸುವ ಕೆಲಸವನ್ನು ಹೆಂಗಸರೇ ಮಾಡುತ್ತಿದ್ದರು. ಕ್ಷಾಮದಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದವಳಿಗೆ ಅಕ್ಷರವು ಕೈಕೆಲಸದ ವಸ್ತುವಾಗಿಯೇ ಪರಿಚಯವಾದದ್ದು ಈ ಚರಿತ್ರೆಯ ಅಪೂರ್ವ ಪ್ರಸಂಗಗಳಲ್ಲಿ ಒಂದು.

ಈ ವಿವಾದದ ನೆರಳಿನಲ್ಲಿಯೇ ಪುಣೆಯ ಇನ್ನೆರಡು ಸಂಸ್ಥೆಗಳು ರೂಪುಗೊಂಡವು. ಕರ್ವೆಯವರು 1896ರಲ್ಲಿ ಸ್ಥಾಪಿಸಿದ ವಿಧವಾಶ್ರಮ 1900ರಲ್ಲಿ ಹಿಂಗಣೆಗೆ ಹೋಯಿತು. 1916ರಲ್ಲಿ ಅವರು ಆರಂಭಿಸಿದ ಮಹಿಳಾ ವಿಶ್ವವಿದ್ಯಾಲಯ ಮಾತೃಭಾಷೆಯನ್ನು ಬೋಧನಾ ಮಾಧ್ಯಮವಾಗಿ ಅಂಗೀಕರಿಸಿತು. ಜಪಾನಿನ ಮಹಿಳಾ ವಿಶ್ವವಿದ್ಯಾಲಯವನ್ನು ಕುರಿತ ಕಿರುಹೊತ್ತಗೆಯಿಂದ ಪ್ರೇರಣೆ ಪಡೆದು ಆರೋಗ್ಯಶಾಸ್ತ್ರ, ಗೃಹಶಾಸ್ತ್ರಗಳಿಗೆ ಪಠ್ಯದಲ್ಲಿ ಸ್ಥಾನ ಕೊಡಲಾಯಿತು. ಹೆಂಗಸರಿಗೆಂದೇ ಬೇರೆ ಪಠ್ಯಕ್ರಮ ಮಾಡುವುದು ಅವರನ್ನು ಕೆಳದರ್ಜೆಯ ವಿದ್ಯೆಗೆ ಸೀಮಿತಗೊಳಿಸಿದಂತೆ ಎಂಬ ಟೀಕೆ ಆಗಲೇ ಕೇಳಿಬಂದಿತು. ಆ ಟೀಕೆ ಇಂದಿಗೂ ಸಂಪೂರ್ಣವಾಗಿ ಉತ್ತರಿತವಾಗಿಲ್ಲ.

ಎರಡನೆಯ ಸಂಸ್ಥೆ 1909ರಲ್ಲಿ ರಮಾಬಾಯಿ ರಾನಡೆ ಮತ್ತು ಗೋಪಾಲಕೃಷ್ಣ ದೇವಧರರು ಕಟ್ಟಿದ ಪುಣೆಯ ಸೇವಾ ಸದನ. ರಮಾಬಾಯಿ ರಾನಡೆಯವರು ಹನ್ನೊಂದರ ವಯಸ್ಸಿನಲ್ಲಿ ಮದುವೆಯಾಗಿ ಗಂಡನ ಮನೆಗೆ ಬಂದಾಗ ಅವರಿಗೆ ಓದು ಬರುತ್ತಿರಲಿಲ್ಲ. ಪತಿ ಮಹಾದೇವ ಗೋವಿಂದ ರಾನಡೆ ಕಲಿಸಲು ತೊಡಗಿದಾಗ ಅಡ್ಡಿ ಬಂದುದು ಮನೆಯ ಹಿರಿಯ ಹೆಂಗಸರಿಂದ. ತಮ್ಮ ಮರಾಠಿ ಆತ್ಮಕಥನದಲ್ಲಿ ಅವರು ಆ ದಿನಗಳ ಚುಚ್ಚುಮಾತುಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಈ ಅನುಭವವೇ ಸೇವಾ ಸದನದ ತಳಹದಿ ಎಂದು ನಾವು ಭಾವಿಸುತ್ತೇವೆ. ಒಬ್ಬಳಿಗೆ ಮಾತ್ರ ಕಲಿಸಿದರೆ ಅವಳು ಮನೆಯಲ್ಲಿ ಒಂಟಿಯಾಗುತ್ತಾಳೆ. ಓಣಿಯ ಹೆಂಗಸರೆಲ್ಲ ಒಟ್ಟಿಗೆ ಕಲಿತರೆ ಆ ಒಂಟಿತನ ಇರುವುದಿಲ್ಲ. ಮನೆಗೆಲಸ ಮುಗಿಸಿ ಬರುವ ಗೃಹಿಣಿಯರ ತರಗತಿಗಳು, ಹೊಲಿಗೆ, ಪ್ರಥಮ ಚಿಕಿತ್ಸೆ, ಶಿಕ್ಷಕಿಯರ ತರಬೇತಿ ಇವುಗಳ ಜೊತೆಗೆ ಸಾಸೂನ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿಗೂ ಸದನ ವ್ಯವಸ್ಥೆ ಮಾಡಿತು. ಪರರ ಮೈಮುಟ್ಟಿ ಶುಶ್ರೂಷೆ ಮಾಡುವ ಕೆಲಸಕ್ಕೆ ಮೇಲ್ಜಾತಿಯ ವಿಧವೆಯರನ್ನು ಸಿದ್ಧಗೊಳಿಸುವುದು ಆ ಕಾಲದಲ್ಲಿ ಸಣ್ಣ ಸಾಹಸವೇನಾಗಿರಲಿಲ್ಲ. ಸದನದ ಶಾಖೆ ಕನ್ನಡಿಗರು ಹೆಚ್ಚಾಗಿರುವ ಸೋಲಾಪುರಕ್ಕೂ ಹಬ್ಬಿತು.

ಮದರಾಸಿನಲ್ಲಿ ಇದೇ ಬಗೆಯ ಕೆಲಸವನ್ನು ಸ್ವತಃ ಬಾಲವಿಧವೆಯಾಗಿದ್ದ ಸೋದರಿ ಸುಬ್ಬಲಕ್ಷ್ಮಿ 1912ರಿಂದ ಮಾಡಿದರು. 1927ರಲ್ಲಿ ಪುಣೆಯಲ್ಲಿ ಶಿಕ್ಷಣ ಸುಧಾರಣೆಗಾಗಿ ಸೇರಿದ ಸಮ್ಮೇಳನ ಅಖಿಲ ಭಾರತ ಮಹಿಳಾ ಪರಿಷತ್ತಾಗಿ ಬೆಳೆದಾಗ ಅದರ ಸಂಘಟನಾ ಕಾರ್ಯದರ್ಶಿಯಾಗಿ ದುಡಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು. ಆ ಪರಿಷತ್ತಿನ ಪ್ರಯತ್ನದಿಂದ 1932ರಲ್ಲಿ ದೆಹಲಿಯಲ್ಲಿ ಗೃಹವಿಜ್ಞಾನದ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು.

ಈ ಘಟ್ಟದ ಸಾಧನೆ ದೊಡ್ಡದು. ಮನೆಯಿಂದ ಹೊರಬಿದ್ದ ಹೆಣ್ಣಿಗೆ ಅದು ನೆಲೆ ಕೊಟ್ಟಿತು. ಸಂಬಳ ತರುವ ವೃತ್ತಿ ಕೊಟ್ಟಿತು. ಅದರ ಮಿತಿಯೂ ಸ್ಪಷ್ಟವಾಗಿದೆ. ಮುಕ್ತಿ ಸದನವನ್ನು ಬಿಟ್ಟರೆ ಇವುಗಳಲ್ಲಿ ಹೆಚ್ಚಿನವು ಮೇಲ್ಜಾತಿಯ ವಿಧವೆಯ ಸಂಕಟದಿಂದ ಹುಟ್ಟಿದವು. ಕೂಲಿ ಮಾಡುವ ಹೆಂಗಸಿನ ಪ್ರಶ್ನೆಗಳು ಅವುಗಳ ಅಂಗಳವನ್ನು ಅಪರೂಪವಾಗಿ ಪ್ರವೇಶಿಸಿದವು. ಪಠ್ಯವನ್ನು ತೀರ್ಮಾನಿಸಿದವರು ಸ್ಥಾಪಕರು, ಕಲಿಯಲು ಬಂದವರಲ್ಲ.

3. ಸಂಕ್ಷಿಪ್ತ ಶಿಕ್ಷಣದ ಪ್ರಯೋಗ

ಎರಡನೆಯ ಘಟ್ಟ ದುರ್ಗಾಬಾಯಿ ದೇಶಮುಖರ ಬದುಕಿನೊಡನೆ ಹೆಣೆದುಕೊಂಡಿದೆ. 1909ರಲ್ಲಿ ರಾಜಮಹೇಂದ್ರಿಯಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿ ಶಾಲೆ ತೊರೆದವರು. ಬಾಲ್ಯವಿವಾಹದ ಬಂಧನವನ್ನು ತಾವೇ ಕಳಚಿಕೊಂಡವರು. ಇನ್ನೂ ಹುಡುಗಿಯಾಗಿದ್ದಾಗಲೇ ಕಾಕಿನಾಡದಲ್ಲಿ ಹೆಂಗಸರಿಗೆ ಹಿಂದಿ ಕಲಿಸುವ ಶಾಲೆ ನಡೆಸಿದರು. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಸೆರೆವಾಸ ಅನುಭವಿಸಿ ಹೊರಬಂದಮೇಲೆ ಖಾಸಗಿಯಾಗಿ ಓದಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಮುಗಿಸಿದರು. ತಡವಾಗಿ ಕಲಿಯುವವಳ ಕಷ್ಟ ಅವರಿಗೆ ಅನುಭವದಿಂದ ಗೊತ್ತಿದ್ದಿತು. 1937ರಲ್ಲಿ ಮದರಾಸಿನಲ್ಲಿ ಆರಂಭವಾದ ಆಂಧ್ರ ಮಹಿಳಾ ಸಭಾ ಆ ಅನುಭವದ ಫಲ. ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಬನಾರಸಿನ ಅದೇ ಪರೀಕ್ಷೆಗೆ ಸಿದ್ಧಗೊಳಿಸುವುದು ಸಭೆಯ ಆರಂಭದ ಕಾರ್ಯಗಳಲ್ಲಿ ಒಂದು. ಮುಂದೆ ಅದು ಆಸ್ಪತ್ರೆ, ದಾದಿಯರ ತರಬೇತಿ, ಕೈಗಾರಿಕೆ, ವಸತಿನಿಲಯಗಳಾಗಿ ಬೆಳೆದು ಹೈದರಾಬಾದಿಗೂ ವಿಸ್ತರಿಸಿತು.

ಸಂವಿಧಾನ ರಚನಾ ಸಭೆಯ ಸದಸ್ಯೆಯಾಗಿದ್ದ ದುರ್ಗಾಬಾಯಿ 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಹಳ್ಳಿಗಳಲ್ಲಿ ಕಲ್ಯಾಣ ಯೋಜನೆಗಳನ್ನು ನಡೆಸಲು ಹೊರಟಾಗ ಒಂದು ವಿಚಿತ್ರ ತೊಡಕು ಎದುರಾಯಿತು. ಗ್ರಾಮಸೇವಿಕೆ, ಶಿಕ್ಷಕಿ, ದಾದಿಯ ಹುದ್ದೆಗಳು ಮಂಜೂರಾಗಿದ್ದವು. ಅವುಗಳಿಗೆ ಬೇಕಾದ ವಿದ್ಯಾರ್ಹತೆಯುಳ್ಳ ಹಳ್ಳಿಯ ಹೆಂಗಸರು ಸಿಗುತ್ತಿರಲಿಲ್ಲ. ಪೇಟೆಯಿಂದ ಬಂದವರು ಹಳ್ಳಿಯಲ್ಲಿ ನಿಲ್ಲುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ 1958ರಲ್ಲಿ ವಯಸ್ಕ ಮಹಿಳೆಯರಿಗಾಗಿ ಸಂಕ್ಷಿಪ್ತ ಶಿಕ್ಷಣ ಯೋಜನೆ ಜಾರಿಗೆ ಬಂದಿತು. ಹಲವು ವರ್ಷಗಳ ಶಾಲಾ ಪಾಠವನ್ನು ಸುಮಾರು ಎರಡು ವರ್ಷಗಳಲ್ಲಿ ಮುಗಿಸಿ ಪರೀಕ್ಷೆಗೆ ಕೂರಿಸುವುದು ಇದರ ಕ್ರಮ, ನಡೆಸುವವರು ಸ್ವಯಂಸೇವಾ ಸಂಸ್ಥೆಗಳು, ಹಣ ಮಂಡಳಿಯದು. ಸ್ತ್ರೀಶಿಕ್ಷಣದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷೆಯಾಗಿ ಅವರು 1959ರಲ್ಲಿ ನೀಡಿದ ವರದಿಯಲ್ಲಿಯೂ ವಯಸ್ಕ ಸ್ತ್ರೀಯರ ಶಿಕ್ಷಣಕ್ಕೆ ಮಹತ್ತ್ವ ದೊರೆಯಿತು.

ಈ ಯೋಜನೆಯ ಹಿಂದಿರುವ ತತ್ತ್ವವನ್ನು ನಾವು ಸರಿಯಾಗಿ ಗುರುತಿಸಬೇಕು. ಸಂಸಾರ ನಡೆಸಿದವಳು, ಕ್ಷಾಮ ರೋಗಗಳನ್ನು ಕಂಡವಳು, ಕೂಲಿಯ ಲೆಕ್ಕ ಇಟ್ಟವಳು ಮಗುವಿನಂತೆ ಒಂದನೆಯ ತರಗತಿಯಿಂದ ಆರಂಭಿಸಬೇಕಾಗಿಲ್ಲ. ಅವಳ ಬದುಕೇ ಅವಳಿಗೆ ಕೆಲವು ತರಗತಿಗಳನ್ನು ದಾಟಿಸಿದೆ ಎಂಬ ಒಪ್ಪಿಗೆ ಅಲ್ಲಿದೆ. ಅನುಭವವನ್ನು ವಿದ್ಯೆಯೆಂದು ಸರ್ಕಾರ ಪರೋಕ್ಷವಾಗಿಯಾದರೂ ಮಾನ್ಯಮಾಡಿದ ಸಂದರ್ಭವಿದು. ಆದರೆ ಪಠ್ಯವಿಷಯ ಶಾಲೆಯದೇ ಆಗಿ ಉಳಿಯಿತು. ಪ್ರಮಾಣಪತ್ರ ಕೈಸೇರಿದವಳಿಗೆ ಕೆಲಸ ಸಿಕ್ಕಿತು. ನಡುವೆ ಬಿಟ್ಟುಹೋದವಳು ಲೆಕ್ಕದಿಂದಲೇ ಹೊರಗುಳಿದಳು.

4. ಸಂಘದ ಹಾದಿ

1974ರಲ್ಲಿ ಸಿದ್ಧವಾದ ಭಾರತದ ಮಹಿಳೆಯರ ಸ್ಥಾನಮಾನ ಸಮಿತಿಯ ವರದಿ, ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆದರೂ ಬಹುಸಂಖ್ಯೆಯ ಹೆಂಗಸರ ಸ್ಥಿತಿ ಸುಧಾರಿಸಿಲ್ಲವೆಂದು ತೋರಿಸಿಕೊಟ್ಟಿತು. ಅಲ್ಲಿಂದ ಮುಂದೆ ಚರ್ಚೆಯ ದಿಕ್ಕು ಬದಲಾಯಿತು. ಹೆಂಗಸಿಗೆ ಏನು ಕಲಿಸಬೇಕು ಎಂಬ ಪ್ರಶ್ನೆಯ ಬದಲು, ಅವಳು ಏನನ್ನು ಕೇಳುತ್ತಿದ್ದಾಳೆ ಎಂಬ ಪ್ರಶ್ನೆ ಮುನ್ನೆಲೆಗೆ ಬಂದಿತು.

ರಾಜಸ್ಥಾನದಲ್ಲಿ 1984ರಲ್ಲಿ ಆರಂಭವಾದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಿಂದ ಒಂದು ನಿದರ್ಶನವನ್ನು ಕೊಡಬಹುದು. ಅಲ್ಲಿನ ಆರೋಗ್ಯ ಶಿಬಿರಗಳಲ್ಲಿ ಹಳ್ಳಿಯ ಹೆಂಗಸರು ತಮ್ಮ ಶರೀರವನ್ನು ಕುರಿತು ಒಂದು ಪುಸ್ತಕ ರೂಪಿಸಿದರು. ದೇಹವನ್ನು ಬೆತ್ತಲೆಯಾಗಿ ತೋರಿಸುವ ಚಿತ್ರಗಳನ್ನು ಊರಿನವರು ಒಪ್ಪಲಿಲ್ಲ. ಹಾಗೆ ನಮ್ಮ ಊರಿನಲ್ಲಿ ಯಾರೂ ಕಾಣಿಸಿಕೊಳ್ಳುವುದಿಲ್ಲ ಎಂಬುದು ಅವರ ಆಕ್ಷೇಪ. ಆಗ ಲಂಗ, ಮುಸುಕು ಧರಿಸಿದ ಹೆಣ್ಣಿನ ಚಿತ್ರ ಬರೆದು, ಉಡುಪಿನ ಭಾಗವನ್ನು ಕಾಗದದ ಮಡಿಕೆಯಾಗಿ ಮಾಡಿ, ಎತ್ತಿ ನೋಡಿದರೆ ಒಳಗಿನ ಅಂಗರಚನೆ ಕಾಣುವಂತೆ ಮಾಡಲಾಯಿತು. 1989ರಲ್ಲಿ 'ಶರೀರ್ ಕೀ ಜಾನ್‌ಕಾರೀ' ಎಂಬ ಹೆಸರಿನಿಂದ ಪ್ರಕಟವಾದ ಈ ಪುಸ್ತಕದ ಕರ್ತೃಗಳಾಗಿ ಎಪ್ಪತ್ತೈದು ಮಂದಿ ಹಳ್ಳಿಯ ಹೆಂಗಸರನ್ನು ಹೆಸರಿಸಲಾಗಿದೆ. ಕಲಿಯುವವರೇ ಪಠ್ಯವನ್ನು ತಿದ್ದಿದರೆ ಎಂಥ ಜಾಣ್ಮೆ ಹೊರಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅಪರೂಪ.

1986ರ ರಾಷ್ಟ್ರೀಯ ಶಿಕ್ಷಣ ನೀತಿ, ಶಿಕ್ಷಣವು ಸ್ತ್ರೀಯರ ಸ್ಥಾನಮಾನವನ್ನು ಬದಲಿಸುವ ಸಾಧನವಾಗಬೇಕೆಂದು ಸಾರಿತು. ಅದರ ಆಧಾರದ ಮೇಲೆ 1989ರಲ್ಲಿ ಕರ್ನಾಟಕ, ಉತ್ತರ ಪ್ರದೇಶ, ಗುಜರಾತಗಳಲ್ಲಿ ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ ಮಹಿಳಾ ಸಮಾಖ್ಯಾ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದವು ಬೀದರ್, ವಿಜಯಪುರ ಮತ್ತು ಮೈಸೂರು ಜಿಲ್ಲೆಗಳು. ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬ ಸಹಯೋಗಿನಿ. ಪ್ರತಿ ಹಳ್ಳಿಯಲ್ಲಿ ಬಡ, ಬಹುಮಟ್ಟಿಗೆ ದಲಿತ ಹೆಂಗಸರ ಒಂದು ಸಂಘ. ಇಷ್ಟು ಮಂದಿಗೆ ಅಕ್ಷರ ಕಲಿಸಬೇಕೆಂಬ ಗುರಿಯನ್ನು ಮೇಲಿನಿಂದ ಹೇರಲಿಲ್ಲ. ಏನನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬುದನ್ನು ಸಂಘವೇ ತೀರ್ಮಾನಿಸಬೇಕಾಗಿತ್ತು. ಕುಡಿಯುವ ನೀರು, ಕೂಲಿ, ಪಡಿತರ ಚೀಟಿ, ಕುಡಿತದ ಹಾವಳಿ, ಬಾಲ್ಯವಿವಾಹ, ದೇವದಾಸಿ ಪದ್ಧತಿ ಇವೇ ಮೊದಲ ಪಾಠಗಳಾದವು. ಕೂತು ಮಾತನಾಡಲು ಊರಿನಲ್ಲಿ ಹೆಂಗಸರಿಗೆ ತಮ್ಮದೆನ್ನುವ ಜಾಗವಿಲ್ಲವೆಂಬುದು ಅರಿವಾದಾಗ ಅನೇಕ ಕಡೆ 'ಸಂಘದ ಮನೆ' ಕಟ್ಟಲಾಯಿತು. ಗಂಡಸರಿಗೆ ಕಟ್ಟೆ, ಗುಡಿಯ ಅಂಗಳ, ಚಹದಂಗಡಿಗಳಿದ್ದ ಊರಿನಲ್ಲಿ ಹೆಂಗಸರ ಹೆಸರಿನ ಒಂದು ಕೋಣೆ ಎದ್ದುನಿಂತುದು ಶಾರದಾ ಸದನದ ಕಾಲದಿಂದ ಬಂದ ಆಶಯವೊಂದರ ಮುಂದುವರಿಕೆಯೇ ಸರಿ.

ಅಕ್ಷರದ ಬೇಡಿಕೆ ಆನಂತರ ಬಂದಿತು; ಒಳಗಿನಿಂದ ಬಂದಿತು. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ ಸಂಘದ ಹೆಂಗಸರು ಕೈಪಂಪಿನ ದುರಸ್ತಿ ಕಲಿತರು. ಬಿಡಿಭಾಗಗಳ ಲೆಕ್ಕ ಬರೆಯಲು, ಕಚೇರಿಗೆ ಅರ್ಜಿ ಕೊಡಲು ಅಕ್ಷರವಿಲ್ಲದೆ ಆಗದೆಂದು ಅವರಿಗೇ ತೋರಿದಾಗ ಓದುವ ಶಿಬಿರಗಳು ನಡೆದವು. ಅಲ್ಲಿನ ಮಹಿಳಾ ಶಿಕ್ಷಣ ಕೇಂದ್ರಕ್ಕಾಗಿ ನೀರು, ಕಾಡು, ನೆಲ, ಸಮಾಜ, ಆರೋಗ್ಯ ಎಂಬ ಐದು ವಿಷಯಗಳ ಸುತ್ತ ಪಠ್ಯಕ್ರಮ ರೂಪುಗೊಂಡಿತು. ಹೊಸದಾಗಿ ಓದು ಕಲಿತವರಿಗೆ ಓದಲು ಏನೂ ಇಲ್ಲವೆಂಬ ಕೊರತೆಯಿಂದ 'ಮಹಿಳಾ ಡಾಕಿಯಾ' ಎಂಬ ಸ್ಥಳೀಯ ಬುಂದೇಲಿ ನುಡಿಯ ಪತ್ರಿಕೆ ಹೊರಟಿತು. ಆ ಅನುಭವದ ಮುಂದುವರಿಕೆಯಾಗಿ 2002ರಲ್ಲಿ ಚಿತ್ರಕೂಟದಲ್ಲಿ 'ಖಬರ್ ಲಹರಿಯಾ' ಎಂಬ ಗ್ರಾಮೀಣ ಮಹಿಳೆಯರ ಪತ್ರಿಕೆ ಹುಟ್ಟಿತು. ಆಡುನುಡಿಯನ್ನು ಬರಹದ ನುಡಿಯಾಗಿ ಮಾಡಿದ ಈ ಪ್ರಯೋಗ ಭಾಷಾ ವಿದ್ಯಾರ್ಥಿಗಳ ಗಮನಕ್ಕೂ ಅರ್ಹವಾಗಿದೆ.

ಅಕ್ಷರವೇ ಮೊದಲು ಬಂದ ಕಡೆಗಳಲ್ಲಿಯೂ ಅದು ಊಹಿಸದ ದಾರಿ ಹಿಡಿದುದುಂಟು. ಆಂಧ್ರದ ನೆಲ್ಲೂರು ಜಿಲ್ಲೆಯ ಸಂಪೂರ್ಣ ಸಾಕ್ಷರತಾ ಆಂದೋಲನದ ಪುಸ್ತಕದಲ್ಲಿ ಸೀತಮ್ಮ ಎಂಬವಳ ಕಥೆಯ ಪಾಠವೊಂದಿದ್ದಿತು. ಕುಡುಕ ಗಂಡನ ಕಾಟದಿಂದ ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ದೂಬಗುಂಟದ ಹೆಂಗಸರು ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಅವರ ಕಥೆಯೂ ಮುಂದೆ ಪಾಠವಾಗಿ ಬೇರೆ ಊರುಗಳಿಗೆ ಹೋಯಿತು. 1992ರಲ್ಲಿ ಜಿಲ್ಲೆಯ ಉದ್ದಗಲಕ್ಕೂ ಹಬ್ಬಿದ ಚಳವಳಿಯ ಒತ್ತಡಕ್ಕೆ ಮಣಿದು 1993ರಲ್ಲಿ ರಾಜ್ಯ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. 1995ರಲ್ಲಿ ಸಂಪೂರ್ಣ ಪಾನನಿರೋಧ ಬಂದಿತು. 1997ರಲ್ಲಿ ಅದು ಸಡಿಲಗೊಂಡಿತು. ಕಾನೂನು ಉಳಿಯಲಿಲ್ಲವಾದರೂ ಪಾಠವೊಂದು ಅಬಕಾರಿ ನೀತಿಯನ್ನೇ ಅಲುಗಿಸಬಲ್ಲುದೆಂಬುದು ಸಿದ್ಧವಾಯಿತು. ಇದು ಸರ್ಕಾರಗಳಿಗೆ ಹಿತವಾದ ಅರಿವಾಗಿರಲಿಲ್ಲ.

5. ಸಮೀಕ್ಷೆ

ಮೂರು ಘಟ್ಟಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇದನ್ನು ನೇರವಾದ ಪ್ರಗತಿಯ ಕಥೆಯೆಂದು ಹೇಳಲು ನಾವು ಸಿದ್ಧರಿಲ್ಲ. ಸದನಗಳು ವೃತ್ತಿಯನ್ನು ಕೊಟ್ಟವು, ಆಯ್ಕೆಯನ್ನು ಕೊಡಲಿಲ್ಲ. ಸಂಕ್ಷಿಪ್ತ ಶಿಕ್ಷಣ ಪ್ರಮಾಣಪತ್ರ ಕೊಟ್ಟಿತು. ಆದರೆ ಅದನ್ನು ಪಡೆದವಳು ಒಬ್ಬಂಟಿಯಾಗಿಯೇ ಮುಂದೆ ಹೋಗಬೇಕಾಯಿತು. ಸಂಘಗಳು ಆಯ್ಕೆಯನ್ನೂ ಒಡನಾಟವನ್ನೂ ಕೊಟ್ಟವು. ಕೂಲಿಯ ದುಡಿಮೆಯಿಂದ ಬಿಡುಗಡೆ ಕೊಡಲಾರದಾದವು. ಹತ್ತು ಕೌಶಲಗಳ ಇಂದಿನ ಪಟ್ಟಿಯಲ್ಲಿರುವ ನಿರ್ಧಾರ ಸಾಮರ್ಥ್ಯ, ಮಾತಿನ ಧೈರ್ಯ, ಆತ್ಮಜ್ಞಾನಗಳು ಈ ಸಂಸ್ಥೆಗಳಲ್ಲಿ ಪಾಠವಾಗಿ ಬೋಧನೆಯಾದುವಲ್ಲ; ನಾಲ್ಕು ಹೆಂಗಸರು ಸೇರಿ ಮಾಡಿದ ಕೆಲಸದಲ್ಲಿ ತಾವಾಗಿ ಬಂದವು. ಕೂಡಿ ಕೂರುವ ಅವಕಾಶವನ್ನು ತೆಗೆದು ಕೌಶಲವನ್ನು ಮಾತ್ರ ಉಳಿಸಿಕೊಂಡ ಕಡೆಗಳಲ್ಲಿ ಹೊಲಿಗೆ ಯಂತ್ರ ಉಳಿಯಿತು, ಶಿಕ್ಷಣ ಉಳಿಯಲಿಲ್ಲ.

ಈ ಮಾತಿಗೆ ಇಂದು ತುರ್ತು ಬಂದಿದೆ. ಮಹಿಳಾ ಸಮಾಖ್ಯಾ 2016ರಲ್ಲಿ ಕೇಂದ್ರದ ಪ್ರತ್ಯೇಕ ಶಿಕ್ಷಣ ಯೋಜನೆಯಾಗಿ ಕೊನೆಗೊಂಡು, ಗ್ರಾಮೀಣ ಜೀವನೋಪಾಯ ಕಾರ್ಯಕ್ರಮದ ವ್ಯಾಪ್ತಿಗೆ ಸರಿಯಿತು. ಉಳಿತಾಯ, ಸಾಲ, ಮರುಪಾವತಿಗಳನ್ನು ಅಂಕಿಗಳಲ್ಲಿ ಹೇಳಬಹುದು. ಊರ ಪಂಚಾಯಿತಿಯಲ್ಲಿ ಮೊದಲ ಬಾರಿಗೆ ಎದ್ದು ನಿಂತು ಮಾತನಾಡಿದ್ದನ್ನು ಹೇಳಲು ಯಾವ ನಮೂನೆಯಲ್ಲಿಯೂ ಅಂಕಣವಿಲ್ಲ. ನಮೂನೆಯಲ್ಲಿ ಇಲ್ಲದ್ದು ಆಯವ್ಯಯದಿಂದ ಬಿಟ್ಟುಹೋಗುತ್ತದೆ. ಕಾಲಾನಂತರ ಚರಿತ್ರೆಯಿಂದಲೂ ಬಿಟ್ಟುಹೋಗುತ್ತದೆ.

ಆದ್ದರಿಂದ ಹೊರನಾಡಿನ ಕನ್ನಡ ಸಂಶೋಧಕರ ಮುಂದೆ ನಾವು ಎರಡು ಕೆಲಸಗಳನ್ನು ಇಡಬಯಸುತ್ತೇವೆ. ಪುಣೆ, ಸೋಲಾಪುರ, ಮುಂಬಯಿ, ಚೆನ್ನೈ, ಹೈದರಾಬಾದುಗಳ ಹಳೆಯ ಮಹಿಳಾ ಸಂಸ್ಥೆಗಳ ದಾಖಲೆ ಪುಸ್ತಕಗಳಲ್ಲಿ 1956ಕ್ಕೆ ಮುಂಚಿನ ಕನ್ನಡ ಪ್ರದೇಶಗಳ ಹೆಸರುಗಳನ್ನು ಹುಡುಕುವುದು ಮೊದಲನೆಯದು. ಆಯಾ ನಗರದಲ್ಲಿರುವವರಿಗೆ ಇದು ಕೈಗೆಟುಕುವ ಕೆಲಸ. ಎರಡನೆಯದು ಇನ್ನೂ ಅವಸರದ್ದು. 1989ರಲ್ಲಿ ಮೂವತ್ತು ನಲವತ್ತರ ಪ್ರಾಯದಲ್ಲಿ ಸಂಘ ಸೇರಿದ ಹೆಂಗಸರು ಈಗ ವೃದ್ಧೆಯರು. ಅವರಲ್ಲಿ ಅನೇಕರು ಬರೆದಿಟ್ಟವರಲ್ಲ. ಅವರ ಮಾತೇ ದಾಖಲೆ. ಬೀದರ್ ಗಡಿಯ ಆಚೆ 1993ರಿಂದ ಇದೇ ಯೋಜನೆ ನಡೆದ ಮೇದಕ್ ಜಿಲ್ಲೆಯ ಹೆಂಗಸರ ಮಾತುಗಳೊಡನೆ ಅದನ್ನು ಹೋಲಿಸಿ ಸಂಗ್ರಹಿಸುವ ಅವಕಾಶ ಹೈದರಾಬಾದಿನ ಕನ್ನಡ ಸಂಶೋಧಕರಿಗೆ ಇತರರಿಗಿಂತ ಹೆಚ್ಚಾಗಿದೆ. ಈ ಸಂಗ್ರಹವನ್ನು ಇನ್ನು ಕೆಲವೇ ವರ್ಷಗಳೊಳಗೆ ಮಾಡಬೇಕು. ಆಮೇಲೆ ಕೇಳಲು ಹೋದರೆ ಹೇಳುವವರು ಇರುವುದಿಲ್ಲ.